ಗಾರೆಯವನನ್ನು ತಡೆದರೆ ಲಿವರ್ ಮೆತ್ತಗಾಗುತ್ತದೆಯೇ?

"ಲಿವರ್‌ನ ಕಲೆ ಅಳಿಸುವ ದಾರಿ ಸಿಕ್ಕಿತು." "ಒಂದೇ ಜಾತಿಯ ಕೋಶಕ್ಕೆ ಗುರಿಯಿಟ್ಟು ಸಿರೋಸಿಸ್‌ಗೆ ಮದ್ದು." ಇಂಥ ತಲೆಬರಹಗಳು ಈಚಿನ ವರ್ಷಗಳಲ್ಲಿ ಆಗಾಗ ಕಾಣುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ಅದು "ಲಿವರ್ ಕಾಯಿಲೆ ಇನ್ಮುಂದೆ ಪೂರ್ತಿ ವಾಸಿ" ಅಂತ ಆಗಿರುತ್ತದೆ. ಇತ್ತ ದಾವಣಗೆರೆಯಲ್ಲಿ ಕಿಡ್ನಿ ಕಲ್ಲಿನ ಅನುಮಾನಕ್ಕೆ ಸ್ಕ್ಯಾನಿಂಗ್ ಮಾಡಿಸಿಕೊಂಡವರ ಕೈಗೂ "ಫ್ಯಾಟಿ ಲಿವರ್, ಗ್ರೇಡ್ 1" ಎಂಬ ರಿಪೋರ್ಟ್ ಬರುತ್ತದೆ. ಸುದ್ದಿಯಲ್ಲಿರುವ ಮದ್ದಿಗೂ ಈ ರಿಪೋರ್ಟ್‌ಗೂ ಸಂಬಂಧ ಇದೆಯೋ ಇಲ್ಲವೋ? ಗೊಂದಲ ಶುರುವಾಗುವುದೇ ಇಲ್ಲಿ.

ಸುದ್ದಿ ಸುಳ್ಳಲ್ಲ. ಆದರೆ "ಗುರಿ" ಎಂಬ ಒಂದು ಪದದೊಳಗೆ ವಿಜ್ಞಾನಿಗಳ ಮೂರು ನಾಲ್ಕು ಜಗಳಗಳು ಅಡಗಿವೆ. ತಲೆಬರಹದಲ್ಲಿ ಅವು ಕಾಣುವುದಿಲ್ಲ.

## ಗ್ರೇಡ್ ಬೇರೆ, ಹಂತ ಬೇರೆ

ಸ್ಕ್ಯಾನಿಂಗ್ ರಿಪೋರ್ಟ್‌ನ ಗ್ರೇಡ್ ಕೊಬ್ಬಿನ ಲೆಕ್ಕ. ಪರದೆಯ ಮೇಲೆ ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ನೋಡಿ 1, 2, 3 ಅಂತ ಬರೆಯುತ್ತಾರೆ. ಸುದ್ದಿಯಲ್ಲಿ ಬರುವ ಕಲೆ, ಅಂದರೆ ಫೈಬ್ರೋಸಿಸ್, ಬೇರೆಯೇ ಲೆಕ್ಕ. ಅದಕ್ಕೆ ಎಫ್0ಯಿಂದ ಎಫ್4ರವರೆಗೆ ಹಂತಗಳಿವೆ. ಎಫ್0 ಅಂದರೆ ಕಲೆ ಇಲ್ಲ, ಎಫ್4 ಅಂದರೆ ಸಿರೋಸಿಸ್, ಲಿವರ್ ತುಂಬ ಕಲೆಗಟ್ಟಿದ ಸ್ಥಿತಿ. ಗ್ರೇಡ್ 3 ಕೊಬ್ಬಿದ್ದವರಲ್ಲಿ ಕಲೆ ಸ್ವಲ್ಪವೂ ಇಲ್ಲದಿರಬಹುದು. ಗ್ರೇಡ್ 1 ಇದ್ದವರಲ್ಲಿ ಎಫ್3 ಸದ್ದಿಲ್ಲದೆ ಕೂತಿರಬಹುದು. ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ಈ ನಡುವಿನ ಹಂತಗಳು ಸರಿಯಾಗಿ ಕಾಣುವುದಿಲ್ಲ.

ದೇಶದ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2022ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ವಯಸ್ಕರಲ್ಲಿ ಶೇ 38.6 ಮಂದಿಗೆ ಲಿವರ್‌ನಲ್ಲಿ ಕೊಬ್ಬಿದೆ. ಹೆದರುವಂಥ ಸಂಖ್ಯೆಯೇ. ಆದರೆ ಇವರಲ್ಲಿ ಸಿರೋಸಿಸ್‌ವರೆಗೆ ಹೋಗುವವರು ಕಡಿಮೆ, ಹೋಗುವ ದಾರಿಯೂ ನಿಧಾನ. ಬರೀ ಕೊಬ್ಬಿದ್ದವರಲ್ಲಿ ಕಲೆ ಒಂದು ಹಂತ ಏರಲು ಸರಾಸರಿ 14 ವರ್ಷ ಬೇಕು. ಕೊಬ್ಬಿನ ಜೊತೆ ಉರಿಯೂತವೂ ಇದ್ದರೆ ಸುಮಾರು 7 ವರ್ಷ. ಕಲೆ ಇಷ್ಟು ನಿಧಾನವಾಗಿ ಏರುವುದರಿಂದಲೇ ಹೊಸ ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಕಂಪನಿಗಳು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

## ಉಗ್ರಾಣದವನು ಗಾರೆ ಹಿಡಿದಾಗ

ದೊಡ್ಡವರ ಲಿವರ್ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಅದರ ಗಾತ್ರದಲ್ಲಿ ನೂರಕ್ಕೆ ಎಂಬತ್ತರಷ್ಟು ಹೆಪಟೊಸೈಟ್ ಎಂಬ ಕೋಶಗಳದ್ದು. ಸಕ್ಕರೆ ಕೂಡಿಡುವುದು, ಪಿತ್ತರಸ ತಯಾರಿಸುವುದು, ನುಂಗಿದ ಮಾತ್ರೆಯನ್ನೂ ಕುಡಿದ ಮದ್ಯವನ್ನೂ ಒಡೆಯುವುದು ಎಲ್ಲ ಇವುಗಳ ದುಡಿಮೆ. ಇವುಗಳ ಸಾಲಿಗೂ ಪಕ್ಕದ ಸಣ್ಣ ರಕ್ತನಾಳಕ್ಕೂ ನಡುವೆ ಕೂದಲೆಳೆಯಂಥ ಸಂದಿ ಇದೆ. ಆ ಸಂದಿಯಲ್ಲಿ ಕೈಕಾಲು ಚಾಚಿ ಕೂತಿರುವವು ಸ್ಟೆಲೇಟ್ ಕೋಶಗಳು. ಆಕಾರ ನಕ್ಷತ್ರದಂತಿರುವುದರಿಂದ ಆ ಹೆಸರು. ಲಿವರ್‌ನ ನೂರು ಕೋಶಗಳಲ್ಲಿ ಐದರಿಂದ ಹತ್ತು ಮಾತ್ರ ಇವು.

ಲಿವರ್ ಚೆನ್ನಾಗಿರುವಾಗ ಇವುಗಳ ಮುಖ್ಯ ಕೆಲಸ ಉಗ್ರಾಣ ಕಾಯುವುದು. ದೇಹದ ವಿಟಮಿನ್ ಎ ದಾಸ್ತಾನಿನ ಬಹುಪಾಲು ಇವುಗಳ ಹೊಟ್ಟೆಯಲ್ಲಿ ಎಣ್ಣೆಹನಿಗಳಾಗಿ ಇರುತ್ತದೆ. ಲಿವರ್‌ಗೆ ಪೆಟ್ಟು ಬಿದ್ದಾಗ ಚಿತ್ರ ಬದಲಾಗುತ್ತದೆ. ಆ ಪೆಟ್ಟು ಮದ್ಯದ್ದಿರಬಹುದು, ಹೆಪಟೈಟಿಸ್ ಬಿ ಅಥವಾ ಸಿ ವೈರಸ್‌ನದ್ದಿರಬಹುದು, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನದ್ದಿರಬಹುದು. ಸಾಯುತ್ತಿರುವ ಹೆಪಟೊಸೈಟ್‌ಗಳು ಮತ್ತು ಅಲ್ಲಿಗೆ ಓಡಿಬರುವ ರಕ್ಷಣಾ ಕೋಶಗಳು ಟಿಜಿಎಫ್-ಬೀಟಾದಂಥ ರಾಸಾಯನಿಕ ಸಂದೇಶ ಬಿಡುತ್ತವೆ. ಅದು ಮುಟ್ಟಿದ್ದೇ ತಡ, ಸ್ಟೆಲೇಟ್ ಕೋಶ ದಾಸ್ತಾನು ಖಾಲಿ ಮಾಡುತ್ತದೆ, ಒಂದು ಹತ್ತಾಗುತ್ತದೆ, ಕೊಲಾಜೆನ್ ಎಂಬ ಗಟ್ಟಿ ನಾರನ್ನು ಸುರಿಯಲು ಶುರು ಮಾಡುತ್ತದೆ. ಉಗ್ರಾಣದವನು ಕೀಲಿಕೈ ಬಿಸಾಕಿ ಗಾರೆ ಕಲಸಿದ ಹಾಗೆ.

ಗಾರೆ ಹಾಕುವುದು ತಪ್ಪಲ್ಲ, ಅದು ರಿಪೇರಿ. ಒಂದು ಸಲ ಬಿದ್ದ ಪೆಟ್ಟಿಗೆ ಒಂದು ಸಲ ಗಾರೆ ಹಾಕಿ ನಿಲ್ಲಿಸಿದರೆ ಲಿವರ್ ತಾನೇ ಸರಿಹೋಗುತ್ತದೆ. ಪೆಟ್ಟು ದಿನಾ ಬೀಳುತ್ತಿದ್ದರೆ ಗಾರೆಯೂ ದಿನಾ ಬೀಳುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಮನೆಯೊಳಗೆ ಓಡಾಡಲು ಜಾಗವೇ ಉಳಿಯುವುದಿಲ್ಲ.

ಈ ಕೋಶದ ಚರಿತ್ರೆಯೂ ಗೊಂದಲದ್ದೇ. 1876ರಲ್ಲಿ ಇದನ್ನು ಮೊದಲು ವಿವರಿಸಿದ್ದು ಜರ್ಮನಿಯ ಕುಪ್ಫರ್. ಮುಂದೆ ಅವರೇ ಇದನ್ನು ಲಿವರ್‌ನ ಇನ್ನೊಂದು ಜಾತಿಯ ಕೋಶದೊಂದಿಗೆ ಬೆರೆಸಿಕೊಂಡರು. ಹಾಗಾಗಿ "ಕುಪ್ಫರ್ ಕೋಶ" ಎಂಬ ಹೆಸರು ಆ ಇನ್ನೊಂದಕ್ಕೇ ಅಂಟಿತು. 1971ರಲ್ಲಿ ಜಪಾನಿನ ಕೆಂಜಿರೊ ವಾಕೆ ಈ ಗೋಜಲು ಬಿಡಿಸಿದರು.

## ನಾಲೆಗೆ ಹೂಳು ತುಂಬಿದರೆ

ಕಲೆಯಿಂದ ಸಾವು ಹೇಗೆ ಬರುತ್ತದೆ ಎಂದು ದಾವಣಗೆರೆ ಸೀಮೆಯವರಿಗೆ ತಿಳಿಸುವುದು ಸುಲಭ. ಭದ್ರಾ ನಾಲೆಯ ಕೊನೆ ಭಾಗಕ್ಕೆ ನೀರು ತಲುಪಲ್ಲ ಎಂಬ ಗೋಳು ಇಲ್ಲಿ ಹಳೆಯದು. ಲಿವರ್‌ಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ವೇನ್ ಎಂಬ ದೊಡ್ಡ ನಾಲೆಯಲ್ಲಿ ಬರುತ್ತದೆ. ಅಲ್ಲಿಂದ ಲಕ್ಷಾಂತರ ಸಣ್ಣ ಕಾಲುವೆಗಳಿಗೆ ಹಂಚಿಕೆಯಾಗುತ್ತದೆ. ಆ ಸಣ್ಣ ಕಾಲುವೆಗಳ ಪಕ್ಕಕ್ಕೇ ಗಾರೆ ಬಿದ್ದರೆ ಎರಡು ತೊಂದರೆ. ಕೊನೆಯಲ್ಲಿರುವ ಕೋಶಗಳಿಗೆ ರಕ್ತ ತಲುಪುವುದಿಲ್ಲ. ಮೇಲ್ಭಾಗದಲ್ಲಿ ರಕ್ತ ಒತ್ತಿಕೊಂಡು ನಿಲ್ಲುತ್ತದೆ.

ಒತ್ತಿಕೊಂಡ ರಕ್ತ ಅಡ್ಡದಾರಿ ಹುಡುಕುತ್ತದೆ. ಗುಲ್ಮ ಊದಿಕೊಳ್ಳುತ್ತದೆ. ಅನ್ನನಾಳದ ಗೋಡೆಯ ಸಣ್ಣ ನಾಳಗಳು ಉಬ್ಬಿ ಒಂದು ದಿನ ಒಡೆಯುತ್ತವೆ, ರಕ್ತವಾಂತಿ ಆಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಊರಲ್ಲಿ "ಲಿವರ್ ಹೋಗಿದೆ" ಅನ್ನುವುದು ಈ ಸ್ಥಿತಿಗೆ. ಅಲ್ಲಿಯವರೆಗೆ ಬಹಳಷ್ಟು ಮಂದಿಗೆ ಒಂದು ದಿನವೂ ನೋವು ಬಂದಿರುವುದಿಲ್ಲ.

## ಕಲೆ ಹಿಂದಕ್ಕೆ ಹೋಗುತ್ತದೆ

ಸುದ್ದಿಗಳನ್ನು ಓದಿದರೆ ಲಿವರ್‌ನ ಕಲೆ ಕರಗಿಸುವುದು ಈಗಷ್ಟೇ ಸಾಧ್ಯವಾಯಿತು ಅನ್ನಿಸುತ್ತದೆ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. 2013ರಲ್ಲಿ ಹೆಪಟೈಟಿಸ್ ಬಿ ರೋಗಿಗಳ ಒಂದು ಅಧ್ಯಯನ ಬಂತು. ಐದು ವರ್ಷ ಟೆನೊಫೊವಿರ್ ಮಾತ್ರೆ ತೆಗೆದುಕೊಂಡು, ಮೊದಲೂ ಕೊನೆಗೂ ಬಯಾಪ್ಸಿ (ಸೂಜಿಯಿಂದ ಲಿವರ್‌ನ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಿಸಿಕೊಂಡವರು 348 ಜನ. ಅವರಲ್ಲಿ ಅರ್ಧದಷ್ಟು ಮಂದಿಯ ಕಲೆ ಕಡಿಮೆಯಾಗಿತ್ತು. ಶುರುವಿನಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ ಶೇ 74ರಷ್ಟು ಮಂದಿ ಆ ಹಂತದಿಂದ ಕೆಳಗಿಳಿದಿದ್ದರು. ಟೆನೊಫೊವಿರ್ ಸ್ಟೆಲೇಟ್ ಕೋಶದ ತಂಟೆಗೇ ಹೋಗುವುದಿಲ್ಲ. ಅದು ಅಡಗಿಸುವುದು ವೈರಸ್ಸನ್ನು ಮಾತ್ರ.

2015ರಲ್ಲಿ ಕ್ಯೂಬಾದಿಂದ ಬಂದದ್ದು ಮಾತ್ರೆಯೂ ಇಲ್ಲದ ಅಧ್ಯಯನ. ಕೊಬ್ಬಿನ ಲಿವರ್ ಉರಿಯೂತ ಇದ್ದ 293 ಜನರನ್ನು ಒಂದು ವರ್ಷ ಊಟ ಮತ್ತು ನಡಿಗೆಯ ಶಿಸ್ತಿಗೆ ಹಾಕಿದರು. ದೇಹದ ತೂಕದ ಶೇ 10 ಅಥವಾ ಜಾಸ್ತಿ ಇಳಿಸಿದವರಲ್ಲಿ ಶೇ 45 ಮಂದಿಯ ಕಲೆ ಹಿಂದೆ ಸರಿಯಿತು. ಅಷ್ಟು ತೂಕ ಇಳಿಸಿದವರು ಹತ್ತರಲ್ಲಿ ಒಬ್ಬರಷ್ಟೇ ಎಂಬುದನ್ನೂ ಹೇಳಬೇಕು.

ಪೆಟ್ಟು ನಿಂತಾಗ ಒಳಗೆ ನಡೆಯುವುದೇನು ಎಂಬುದು 2012ರ ಹೊತ್ತಿಗೆ ಇಲಿಗಳಲ್ಲಿ ಸ್ಪಷ್ಟವಾಯಿತು. ಗಾರೆ ಹಿಡಿದ ಕೋಶಗಳಲ್ಲಿ ಒಂದಷ್ಟು ಸಾಯುತ್ತವೆ. ಉಳಿದವು ಗಾರೆ ಬಿಟ್ಟು ತಣ್ಣಗಾಗುತ್ತವೆ. ಮ್ಯಾಕ್ರೋಫೇಜ್ ಎಂಬ ಸ್ವಚ್ಛತಾ ಕೋಶಗಳು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಬಿಟ್ಟು ಕಲೆಯನ್ನು ತಿಂದುಹಾಕುತ್ತವೆ. ಒಂದು ತೊಡಕಿದೆ. ತಣ್ಣಗಾದ ಕೋಶ ಮೊದಲಿನ ಹಾಗೆ ಪೂರ್ತಿ ಮುಗ್ಧವಲ್ಲ. ಮತ್ತೊಮ್ಮೆ ಪೆಟ್ಟು ಬಿದ್ದರೆ ಅದು ಮೊದಲಿಗಿಂತ ಬೇಗ ಗಾರೆ ಹಿಡಿಯುತ್ತದೆ.

ಹಾಗಾದರೆ ಕೋಶಕ್ಕೆ ಗುರಿಯಿಡುವ ಮದ್ದು ಯಾಕೆ ಬೇಕು? ಎಲ್ಲರ ಪೆಟ್ಟನ್ನೂ ನಿಲ್ಲಿಸಲು ಆಗುವುದಿಲ್ಲ. ನಿಲ್ಲಿಸಿದರೂ ಕಲೆ ತೀರಾ ಹಳೆಯದಾಗಿದ್ದರೆ ಅದು ಕರಗುವ ವೇಗ ಸಾಲುವುದಿಲ್ಲ.

## 577001 ಸಾಲದು, ಮನೆ ನಂಬರ್ ಬೇಕು

ಮದ್ದನ್ನು ಲಿವರ್‌ಗೆ ಮುಟ್ಟಿಸುವುದು ಕಷ್ಟವಲ್ಲ. ನುಂಗಿದ್ದೆಲ್ಲ ಕರುಳಿನಿಂದ ಮೊದಲು ಅಲ್ಲಿಗೇ ಹೋಗುತ್ತದೆ. ಲಿವರ್‌ನೊಳಗೆ ಒಂದೇ ಜಾತಿಯ ಕೋಶಕ್ಕೆ ಮುಟ್ಟಿಸುವುದು ಕಷ್ಟ. ಲಕೋಟೆಯ ಮೇಲೆ "ದಾವಣಗೆರೆ 577001" ಅಂತ ಬರೆದರೆ ಊರಿಗೆ ಬರುತ್ತದೆ, ಮನೆಗೆ ಬರುವುದಿಲ್ಲ.

ಹೆಪಟೊಸೈಟ್‌ನ ಮನೆ ನಂಬರ್ ಸಿಕ್ಕಿದೆ. ಅದರ ಮೈಮೇಲೆ ಗಾಲ್‌ನ್ಯಾಕ್ ಎಂಬ ಸಕ್ಕರೆಯನ್ನು ಹಿಡಿದು ಒಳಗೆಳೆಯುವ ಕೊಕ್ಕೆಗಳಿವೆ. ಮದ್ದಿಗೆ ಆ ಸಕ್ಕರೆ ಅಂಟಿಸಿ ಚರ್ಮದಡಿ ಚುಚ್ಚಿದರೆ ನೇರ ಹೆಪಟೊಸೈಟ್‌ಗೆ ಹೋಗುತ್ತದೆ. ಕೊಲೆಸ್ಟರಾಲ್ ಇಳಿಸಲು ಆರು ತಿಂಗಳಿಗೊಮ್ಮೆ ಕೊಡುವ ಇಂಕ್ಲಿಸಿರಾನ್ ಚುಚ್ಚುಮದ್ದು ಇದೇ ದಾರಿಯದು.

ಸ್ಟೆಲೇಟ್ ಕೋಶಕ್ಕೆ ಇಷ್ಟು ಖಚಿತ ವಿಳಾಸ ಸಿಕ್ಕಿಲ್ಲ. ಜಪಾನಿನ ತಂಡವೊಂದು ಅದರ ಚಪಲವನ್ನೇ ಬಳಸಿಕೊಂಡಿತು. ವಿಟಮಿನ್ ಎ ಕಂಡರೆ ಅದು ಬಿಡುವುದಿಲ್ಲ ಅಲ್ವಾ? ಮದ್ದು ತುಂಬಿದ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳ ಹೊರಗೆ ವಿಟಮಿನ್ ಎ ಲೇಪಿಸಿದರು. ಒಳಗಿದ್ದದ್ದು ಕೊಲಾಜೆನ್ ಮಡಚಲು ಬೇಕಾದ ಒಂದು ಪ್ರೋಟೀನಿನ ತಯಾರಿಯನ್ನೇ ನಿಲ್ಲಿಸುವ ಆರ್‌ಎನ್‌ಎ ತುಂಡು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಲಿಗಳ ಕಲೆ ಕರಗಿತು. ಅದೇ ಉಪಾಯದ ಮದ್ದು ಮನುಷ್ಯರ ಮೇಲೆ ಎರಡನೇ ಹಂತದ ಪ್ರಯೋಗದವರೆಗೆ ಬಂತು. ಅಷ್ಟು ವರ್ಷವಾದರೂ ಅದು ಮೆಡಿಕಲ್ ಶಾಪಿಗೆ ಬಂದಿಲ್ಲ.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಎಡವುವುದಕ್ಕೆ ಕಾರಣವಿದೆ. ಪ್ರಯೋಗಾಲಯದ ಇಲಿಗೆ ಕೆಲವೇ ವಾರ ವಿಷ ಕೊಟ್ಟು ಕಲೆ ತರಿಸುತ್ತಾರೆ. ಅದು ಹಸಿ ಗಾರೆ. ಮನುಷ್ಯನದ್ದು ಇಪ್ಪತ್ತು ವರ್ಷ ಒಣಗಿ ಎಳೆ ಎಳೆಗೂ ಗಂಟು ಬಿದ್ದ ಗಾರೆ.

## ಯಾರನ್ನು ಹಿಡಿಯಬೇಕು: ಮೂರು ವಾದ

ಮೊದಲ ವಾದ: ಗಾರೆಯವನನ್ನೇ ಹಿಡಿಯಿರಿ. ಪೆಟ್ಟು ಮದ್ಯದ್ದಾಗಲಿ ವೈರಸ್ಸಿನದ್ದಾಗಲಿ, ಕೊನೆಗೆ ಕಲೆ ಹಾಕುವವನು ಬಹುಪಾಲು ಇವನೇ. ಒಂದು ಮದ್ದು ಎಲ್ಲರಿಗೂ ಆದೀತು. ಈ ವಾದ ಕೇಳಲು ಚೆಂದ, ಆದರೆ ಇದರ ದಾರಿಯಲ್ಲಿ ಬಿದ್ದವರು ಬಹಳ. ಕೊಲಾಜೆನ್ ಎಳೆಗಳನ್ನು ಗಂಟು ಹಾಕುವ ಕಿಣ್ವವನ್ನು ತಡೆಯುವ ಸಿಮ್ಟುಜುಮ್ಯಾಬ್ ಫಲ ಕೊಡಲಿಲ್ಲ. ಕೋಶದೊಳಗಿನ ಒತ್ತಡದ ಸಂದೇಶ ತಡೆಯುವ ಸೆಲೊನ್ಸರ್ಟಿಬ್ 2019ರಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು. ಉರಿಯೂತದ ಕೋಶಗಳು ಲಿವರ್‌ಗೆ ನುಗ್ಗದಂತೆ ತಡೆಯುವ ಸೆನಿಕ್ರಿವಿರಾಕ್ ಪ್ರಯೋಗ 2021ರಲ್ಲಿ ನಿಂತಿತು. ಒಂದು ಸಂದೇಶ ತಡೆದರೆ ಇನ್ನೊಂದು ದಾರಿಯಿಂದ ಕೂಗು ಬರುತ್ತದೆ. ಪೆಟ್ಟು ನಿಂತಿರುವುದಿಲ್ಲವಲ್ಲ.

ಎರಡನೇ ವಾದ: ಮನೆಗೆ ಪೆಟ್ಟು ಬೀಳುವುದನ್ನು ನಿಲ್ಲಿಸಿ, ಗಾರೆಯವನು ತಾನೇ ಹೊರಡುತ್ತಾನೆ. ಇಲ್ಲಿಯವರೆಗೆ ಗೆದ್ದಿರುವುದು ಇದೇ. ಅದಕ್ಕೆ ಆಮೇಲೆ ಬರೋಣ.

ಮೂರನೇ ವಾದ: ಸ್ವಚ್ಛತೆಯವರನ್ನು ಹೆಚ್ಚಿಸಿ. ಎಡಿನ್‌ಬರೋದ ವೈದ್ಯರು ಸಿರೋಸಿಸ್ ರೋಗಿಗಳ ರಕ್ತದಿಂದಲೇ ಕೋಶ ತೆಗೆದು, ಮ್ಯಾಕ್ರೋಫೇಜ್ ಆಗಿ ಬೆಳೆಸಿ, ಮರಳಿ ಅವರಿಗೇ ಕೊಡುವ ಪ್ರಯೋಗ ನಡೆಸಿದ್ದಾರೆ. 2019ರಲ್ಲಿ ಪ್ರಕಟವಾದ ಮೊದಲ ಹಂತದಲ್ಲಿ ಇದ್ದವರು 9 ಜನ. ಕೊಟ್ಟರೆ ಅಪಾಯವಿಲ್ಲ ಎಂದು ನೋಡಲು ಅಷ್ಟು ಸಾಕು, ವಾಸಿಯಾಗುತ್ತದೆ ಎನ್ನಲು ಸಾಲದು.

## ಸ್ಟೆಲೇಟ್ ಕೋಶಗಳನ್ನೇ ತೆಗೆದುಬಿಟ್ಟರೆ?

ಇದು ಓದುಗರಿಗೆ ಸಹಜವಾಗಿ ಬರುವ ಪ್ರಶ್ನೆ. 2020ರಲ್ಲಿ ಕ್ಯಾನ್ಸರ್‌ನಲ್ಲಿ ಬಳಸುವ ಕಾರ್-ಟಿ ತಂತ್ರವನ್ನು, ಅಂದರೆ ಗುರಿ ಕಲಿಸಿದ ರಕ್ಷಣಾ ಕೋಶಗಳನ್ನು, ಮುಪ್ಪಾದ ಕೋಶಗಳ ಮೇಲೆ (ಗಾರೆ ಹಿಡಿದು ಹಳತಾದ ಸ್ಟೆಲೇಟ್ ಕೋಶಗಳೂ ಇವುಗಳಲ್ಲಿ ಸೇರಿವೆ) ಬಿಟ್ಟಾಗ ಇಲಿಗಳ ಲಿವರ್ ಕಲೆ ಕಡಿಮೆಯಾಯಿತು. ಭಾರೀ ಸುದ್ದಿಯಾಯಿತು.

ಆದರೆ ಸ್ಟೆಲೇಟ್ ಕೋಶಗಳೆಲ್ಲ ಒಂದೇ ಅಲ್ಲ. ಒಂದೊಂದು ಕೋಶದ ಜೀನ್‌ಗಳನ್ನೂ ಬೇರೆ ಬೇರೆಯಾಗಿ ಓದುವ ತಂತ್ರ ಬಂದ ಮೇಲೆ ಇದು ಗೊತ್ತಾಯಿತು. 2019ರ ಒಂದು ಅಧ್ಯಯನದಲ್ಲಿ, ಇಲಿಯ ಲಿವರ್‌ನ ನಡುನಾಳದ ಸುತ್ತ ಬರುವ ಕಲೆಯಲ್ಲಿ ಆ ನಾಳದ ಪಕ್ಕದ ಸ್ಟೆಲೇಟ್ ಕೋಶಗಳೇ ಹೆಚ್ಚು ಕೊಲಾಜೆನ್ ಸುರಿಯುವುದು ಕಂಡಿತು. 2022ರ ಇನ್ನೊಂದು ಅಧ್ಯಯನ ಇನ್ನೂ ಮುಖ್ಯವಾದದ್ದು. ತಣ್ಣಗಿರುವ ಸ್ಟೆಲೇಟ್ ಕೋಶಗಳು ಹೆಪಟೊಸೈಟ್‌ಗಳನ್ನು ಕ್ಯಾನ್ಸರ್‌ನಿಂದ ಕಾಯುತ್ತವೆ. ಗಾರೆ ಹಿಡಿದವು ಕ್ಯಾನ್ಸರ್‌ಗೆ ದಾರಿ ಮಾಡಿಕೊಡುತ್ತವೆ. 2025ರಲ್ಲಿ ಬಂದ ಅಧ್ಯಯನದ ಪ್ರಕಾರ, ಇಲಿಯ ಲಿವರ್‌ನ ಯಾವ ಭಾಗ ಯಾವ ಕೆಲಸ ಮಾಡಬೇಕು ಎಂಬ ಹಂಚಿಕೆಯೂ ಲಿವರ್‌ನ ಗಾತ್ರವೂ ಇವುಗಳ ಸಂದೇಶದ ಮೇಲೆ ನಿಂತಿದೆ.

ಅಂದರೆ ಎಲ್ಲವನ್ನೂ ಒಟ್ಟಿಗೆ ತೆಗೆದರೆ ಉಗ್ರಾಣವೂ ಹೋಯಿತು, ಕಾವಲೂ ಹೋಯಿತು. "ನಿರ್ದಿಷ್ಟ ಕೋಶಕ್ಕೆ ಗುರಿ" ಎಂಬ ಸುದ್ದಿಗೆ ನಿಜವಾದ ತೂಕ ಬರುವುದು ಇಲ್ಲಿ. ಈಗಿನ ಸವಾಲು ಸ್ಟೆಲೇಟ್ ಕೋಶವನ್ನು ಹುಡುಕುವುದಲ್ಲ, ಅವುಗಳಲ್ಲಿ ಗಾರೆ ಹಿಡಿದವನ್ನು ಮಾತ್ರ ಬೇರ್ಪಡಿಸುವುದು. ಮೊದಲ ವಾದದವರು ಸೋತಿಲ್ಲ, ಅವರ ಸೋಸುವ ಜರಡಿ ಇನ್ನೂ ದೊಡ್ಡ ಕಣ್ಣಿನದು ಎನ್ನುವುದು ಸರಿಯಾದೀತು.

## ಅನುಮತಿ ಸಿಕ್ಕ ಎರಡು ಮದ್ದು, ಅವುಗಳ ಲೆಕ್ಕ

ಕೊಬ್ಬಿನಿಂದ ಬರುವ ಕಲೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಮದ್ದಿಗೆ ಅನುಮತಿ ಕೊಟ್ಟಿದೆ. 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಾಮ್ ಮಾತ್ರೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದು. ಎರಡೂ ಎಫ್2, ಎಫ್3 ಹಂತದವರಿಗೆ. ಎರಡೂ ಸ್ಟೆಲೇಟ್ ಕೋಶಕ್ಕೆ ಗುರಿಯಿಟ್ಟವಲ್ಲ. ರೆಸ್ಮೆಟಿರಾಮ್ ಹೆಪಟೊಸೈಟ್ ಒಳಗೆ ಕೊಬ್ಬು ಸುಡುವಂತೆ ಮಾಡುತ್ತದೆ. ಸೆಮಾಗ್ಲುಟೈಡ್ ಹಸಿವು ಕಡಿಮೆ ಮಾಡಿ ತೂಕ ಇಳಿಸುತ್ತದೆ.

ಫಲಿತಾಂಶ ಹೀಗಿದೆ. ಒಂದು ವರ್ಷ ರೆಸ್ಮೆಟಿರಾಮ್ ಹೆಚ್ಚಿನ ಡೋಸ್ ತೆಗೆದುಕೊಂಡ ನೂರು ಜನರಲ್ಲಿ ಸುಮಾರು 26 ಮಂದಿಯ ಕಲೆ ಒಂದು ಹಂತವಾದರೂ ಇಳಿಯಿತು. ಸುಮ್ನೆ ಖಾಲಿ ಮಾತ್ರೆ ನುಂಗಿದ ನೂರರಲ್ಲಿ 14 ಮಂದಿಯದ್ದೂ ಇಳಿಯಿತು! ಸೆಮಾಗ್ಲುಟೈಡ್‌ನಲ್ಲಿ 72 ವಾರಕ್ಕೆ ಸುಮಾರು 37, ಖಾಲಿ ಚುಚ್ಚುಮದ್ದಿನಲ್ಲಿ 22.

ಖಾಲಿ ಮಾತ್ರೆಗೂ ಕಲೆ ಇಳಿಯುವುದು ಹೇಗೆ? ಪ್ರಯೋಗಕ್ಕೆ ಸೇರಿದವರು ಊಟದಲ್ಲಿ ಎಚ್ಚರ ವಹಿಸುತ್ತಾರೆ. ಜೊತೆಗೆ ಬಯಾಪ್ಸಿಯ ಸೂಜಿ ತೆಗೆಯುವ ತುಣುಕು ಇಡೀ ಲಿವರ್‌ನ ಐವತ್ತು ಸಾವಿರದಲ್ಲಿ ಒಂದು ಪಾಲು. ಎರಡನೇ ಸಲ ಸೂಜಿ ಸ್ವಲ್ಪ ಒಳ್ಳೆಯ ಜಾಗಕ್ಕೆ ಬಿದ್ದರೂ "ಇಳಿದಿದೆ" ಅಂತ ಬರುತ್ತದೆ. ಹಾಗಾಗಿ ಸುದ್ದಿಯಲ್ಲಿ ಒಂದೇ ಸಂಖ್ಯೆ ಕಂಡರೆ ಪಕ್ಕದ ಸಂಖ್ಯೆ ಕೇಳಬೇಕು. ಮದ್ದಿನ ನಿಜವಾದ ಪಾಲು ನೂರಕ್ಕೆ ಹನ್ನೆರಡರಿಂದ ಹದಿನೈದು. ಕಡಿಮೆಯೇನಲ್ಲ, ಪವಾಡವೂ ಅಲ್ಲ.

ಬೆಲೆಯ ಮಾತು. ರೆಸ್ಮೆಟಿರಾಮ್ ಅಮೆರಿಕದಲ್ಲಿ ಬಿಡುಗಡೆಯಾದಾಗಿನ ದರ ವರ್ಷಕ್ಕೆ 47,400 ಡಾಲರ್, ಅಂದರೆ 40 ಲಕ್ಷ ರೂಪಾಯಿಯ ಆಸುಪಾಸು. ಸೆಮಾಗ್ಲುಟೈಡ್‌ನ ಕತೆ ಬೇರೆ. ಭಾರತದಲ್ಲಿ ಅದರ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗಿನದು. ಆಮೇಲೆ ದೇಶಿ ಕಂಪನಿಗಳ ಜೆನೆರಿಕ್‌ಗೆ ದಾರಿ ತೆರೆಯುತ್ತದೆ. ಸ್ಟೆಲೇಟ್ ಕೋಶದ ಮದ್ದು ಬರುವುದಕ್ಕಿಂತ ಎಷ್ಟೋ ಮುಂಚೆ ಹರಿಹರ, ಚಳ್ಳಕೆರೆಯ ರೋಗಿಗೆ ತಟ್ಟುವ ಬದಲಾವಣೆ ಇದು.

## ದಾವಣಗೆರೆಯಲ್ಲಿ ಮೊದಲು ಬೇಕಾದದ್ದು

ನಾಳೆಯೇ ಗಾರೆಯವನನ್ನು ಮಾತ್ರ ಹಿಡಿಯುವ ಮದ್ದು ಬಂತು ಅನ್ನಿ. ಕೊಡುವುದು ಯಾರಿಗೆ? ಎಫ್2, ಎಫ್3 ಹಂತದವರಿಗೆ ತಮಗೆ ಕಲೆ ಇದೆ ಎಂದೇ ಗೊತ್ತಿಲ್ಲ. ಗೊತ್ತಾಗುವುದು ಹೊಟ್ಟೆಯಲ್ಲಿ ನೀರು ಬಂದಾಗ ಅಥವಾ ಕಾಮಣಿ ಆದಾಗ. ಅಷ್ಟು ಹೊತ್ತಿಗೆ ಎಷ್ಟೋ ಜನ ಕಾಮಣಿಗೆ ಸೊಪ್ಪಿನ ರಸ ಕುಡಿದು ಎರಡು ವಾರ ಕಳೆದಿರುತ್ತಾರೆ. ಆ ಹಂತ ಮುಟ್ಟಿದವರಿಗೆ ಮೇಲಿನ ಎರಡೂ ಮದ್ದಿನ ಅನುಮತಿ ಅನ್ವಯಿಸುವುದಿಲ್ಲ. ಉಳಿಯುವುದು ಬೆಂಗಳೂರಿನ ದಾರಿ, ಲಿವರ್ ಕಸಿಯ ಪಟ್ಟಿ.

ಕಾಗದದ ಮೇಲೆ ವ್ಯವಸ್ಥೆ ಇದೆ. ಹೆಪಟೈಟಿಸ್ ಬಿ ಮತ್ತು ಸಿಗೆ ಉಚಿತ ತಪಾಸಣೆ, ಉಚಿತ ಮಾತ್ರೆಯ ರಾಷ್ಟ್ರೀಯ ಕಾರ್ಯಕ್ರಮ 2018ರಲ್ಲಿ ಶುರುವಾಯಿತು. ಕೊಬ್ಬಿನ ಲಿವರ್ ಕಾಯಿಲೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ ಕಾಯಿಲೆ, ಬಿಪಿಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಜಗಳೂರಿನಲ್ಲೋ ಮೊಳಕಾಲ್ಮೂರಿನಲ್ಲೋ ಶುಗರ್ ಮಾತ್ರೆಗೆ ಬಂದವರ ಲಿವರ್ ಲೆಕ್ಕವನ್ನೂ ಅಲ್ಲೇ ಹಾಕುವುದು ಇದರ ಉದ್ದೇಶ. ಆ ಲೆಕ್ಕಕ್ಕೆ ದೊಡ್ಡ ಯಂತ್ರ ಬೇಡ.

ಕಲೆಯ ಸಾಧ್ಯತೆ ಅಂದಾಜು ಮಾಡಲು ಫಿಬ್-4 ಎಂಬ ಸೂತ್ರ ಇದೆ. ಅದಕ್ಕೆ ಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮಾಮೂಲಿ ರಕ್ತಪರೀಕ್ಷೆಯಲ್ಲಿ ಅಳೆಯುವ ಲಿವರ್ ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಅದನ್ನು ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. ಉದಾಹರಣೆಗೆ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ, ಶುಗರ್ ಇರುವ 52ರ ಒಬ್ಬರ ಲ್ಯಾಬ್ ಚೀಟಿ ಅಂದುಕೊಳ್ಳಿ. ಎಸ್‌ಜಿಒಟಿ 60, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.6 ಲಕ್ಷ, ಅಂದರೆ ಸೂತ್ರಕ್ಕೆ 160. ಚೀಟಿ ನೋಡಿದರೆ ಗಾಬರಿ ಬೀಳುವಂಥದ್ದೇನಿಲ್ಲ. ಪ್ಲೇಟ್‌ಲೆಟ್ ನಾರ್ಮಲ್. ಉಳಿದೆರಡು "ಸ್ವಲ್ಪ ಜಾಸ್ತಿ". ಈಗ ಲೆಕ್ಕ ಹಾಕಿ: 52ನ್ನು 60ರಿಂದ ಗುಣಿಸಿದರೆ 3120. 49ರ ವರ್ಗಮೂಲ 7, ಅದನ್ನು 160ರಿಂದ ಗುಣಿಸಿದರೆ 1120. ಭಾಗಿಸಿದರೆ ಸುಮಾರು 2.79. ಈ ಅಂಕ 1.3ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಕಲೆಯ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ನೋಡಲೇಬೇಕು. ಮೂವತ್ತೈದರ ಕೆಳಗಿನವರಿಗೆ ಈ ಸೂತ್ರ ಅಷ್ಟು ನಂಬಿಕೆಯದಲ್ಲ, ಅರವತ್ತೈದು ದಾಟಿದವರಿಗೆ ಅಳತೆಗೋಲು ಬೇರೆ.

ಮುಂದಿನ ಹೆಜ್ಜೆ ಫೈಬ್ರೊಸ್ಕ್ಯಾನ್. ಮೂರು ಗಂಟೆ ಏನೂ ತಿಂದಿರಬಾರದು, ಬೆಳಗಿನ ಬೆಣ್ಣೆ ದೋಸೆಯನ್ನು ಪರೀಕ್ಷೆ ಆದಮೇಲೆ ತಿನ್ನಬಹುದು. ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದೆ ಇಟ್ಟುಕೊಂಡರೆ, ಪಕ್ಕೆಲುಬುಗಳ ಸಂದಿಗೆ ಒಂದು ಕಡ್ಡಿ ಒತ್ತಿ ಟಪ್ ಟಪ್ ಎಂದು ಹತ್ತು ಸಲ ತಟ್ಟುತ್ತಾರೆ. ಕಲ್ಲಂಗಡಿ ಕೊಳ್ಳುವಾಗ ಬಡಿದು ನೋಡಿದ ಹಾಗೆ. ಲಿವರ್ ಗಟ್ಟಿ ಇದ್ದಷ್ಟೂ ಆ ತಟ್ಟಿನ ಅಲೆ ವೇಗವಾಗಿ ಓಡುತ್ತದೆ. ಆ ವೇಗದಿಂದ ಯಂತ್ರ ಲಿವರ್‌ನ ಗಟ್ಟಿತನವನ್ನು ಕಿಲೊಪ್ಯಾಸ್ಕಲ್ ಲೆಕ್ಕದಲ್ಲಿ ತೋರಿಸುತ್ತದೆ. ಎಂಟರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಆ ವ್ಯಾಪಾರಿಯ ಅಂಕ ಹನ್ನೊಂದು ಬಂತು ಅನ್ನಿ. ಅವರಿಗೆ ಸ್ಟೆಲೇಟ್ ಕೋಶದ ಮದ್ದು ಇವತ್ತು ಸಿಗುವುದಿಲ್ಲ. ಆದರೆ ಹೆಪಟೈಟಿಸ್ ಬಿ ಇದೆಯೇ ಎಂಬ ರಕ್ತಪರೀಕ್ಷೆ ಆಗುತ್ತದೆ, ಕುಡಿತ ಇದ್ದರೆ ಅದು ನಿಲ್ಲಬೇಕಾಗುತ್ತದೆ, 80 ಕೆಜಿ ಇದ್ದರೆ 72ಕ್ಕೆ ಇಳಿಸಲು ವೈದ್ಯರು ಹೇಳುತ್ತಾರೆ.